ಏಳನೆಯ ಡಬ್ಬಿಯ ಬಿಳಿ ಉಂಗುರ

ಆರು ಡಬ್ಬಿಗಳಿದ್ದವು. ಏಳನೆಯದು ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ ಗಂಟೆ. ಡೊಂಬಿವಲಿಯ ಎಂಐಡಿಸಿ ಕಾರ್ಖಾನೆ ಪ್ರದೇಶದ ವಸತಿ ಭಾಗ, ಹಳೆಯ ಕಟ್ಟಡ, ಮೂರನೆಯ ಮಹಡಿ. ಯಜ್ಞೇಶ್ವರ ರಾಯರು ಗಾಜಿನ ಕಪಾಟಿನ ಮೇಲಿನ ಬಟ್ಟೆ ಸರಿಸಿ ಎಣಿಸಿದರು. ನಂಬಿಕೆ ಬರದೆ ಬೆರಳಿಟ್ಟು ಎಣಿಸಿದರು. ನೀಲಿ ಬಣ್ಣದ ಜಪಾನಿ ಆಟಿಕೆ ರೈಲು ಅದು. ಆಟಿಕೆ ಎಂದರೆ ರಾಯರು ಎರಡು ದಿನ ಮಾತು ಬಿಡುತ್ತಿದ್ದರು, ಆದ್ದರಿಂದ ಮಾದರಿ ರೈಲು ಎನ್ನೋಣ. ಡಬ್ಬಿ ಒಂದೊಂದೂ ಗೇಣುದ್ದವಿಲ್ಲ. ಆದರೆ ಕಿಟಕಿ, ಚಕ್ರ, ಮಲಗುವ ಬರ್ತಿಗೆ ಹತ್ತುವ ಏಣಿ ಎಲ್ಲವೂ ನಿಜದ ರೈಲಿನಲ್ಲಿದ್ದ ಹಾಗೆಯೇ. ಕಪಾಟಿಗೆ ಬೀಗವಿರಲಿಲ್ಲ. ಬೀಗ ಹಾಕಬೇಕೆನ್ನಿಸುವಷ್ಟು ಜನ ಆ ಮನೆಗೆ ಬರುತ್ತಲೂ ಇರಲಿಲ್ಲ.

ಬರುವವರು ಇಬ್ಬರೇ. ಭಾನುವಾರ ಸಂಜೆ ಗೆಳೆಯ ಅಂಬರೀಶ. ದಿನವೂ ಬೆಳಿಗ್ಗೆ ಕೆಲಸದ ಸಾಬವ್ವ. ಮನೆಯ ಕೀಲಿ ಸಾಬವ್ವನ ಸೆರಗಿನ ಗಂಟಿನಲ್ಲಿತ್ತು.

ಸೊಸೈಟಿಯ ಸೆಕ್ರೆಟರಿ ದಿಲೀಪ ಸಾಳವಿಗೆ ಇಷ್ಟು ಸಾಕಾಯಿತು. ಹನ್ನೊಂದು ಗಂಟೆಗೆಲ್ಲ ಸಾಬವ್ವನ ಗೇಟ್ ಪಾಸ್ ರದ್ದಾಯಿತು. ಕೆಲಸದವರು ದಿನವೂ ಗೇಟಿನಲ್ಲಿ ಸಹಿ ಮಾಡಿ, ಹೋಗುವಾಗ ಚೀಲ ತೆಗೆದು ತೋರಿಸಿ ಓಡಾಡುವ ಪಾಸು ಅದು. ಆ ಕಟ್ಟಡದಲ್ಲಿ ಅವಳಿಗೆ ಐದು ಮನೆ ಕೆಲಸ. ಐದೂ ಹೋದವು. ಶನಿವಾರದೊಳಗೆ ತಪ್ಪು ಒಪ್ಪಿಕೊಳ್ಳದಿದ್ದರೆ ಪೊಲೀಸ್ ಕಂಪ್ಲೇಂಟ್ ಎಂದೂ ಹೇಳಿ ಕಳಿಸಿದ. ರಾಯರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸಾಬವ್ವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ.

* * *

ಡೊಂಬಿವಲಿ ಪೂರ್ವದ ಮಾನಪಾಡಾ ರಸ್ತೆಯಲ್ಲಿ ಕಾಂಚನಾಳ ರೇಡಿಯಂ ಅಂಗಡಿ. ರಿಕ್ಷಾದ ಹಿಂದೆ ದೇವರ ಹೆಸರು, ಟೆಂಪೋದ ಬಾಗಿಲಿಗೆ ಮಾಲೀಕನ ಹೆಸರು, ಬೈಕಿನ ಮೇಲೆ ಈಚೆಗೆ ಹುಟ್ಟಿದ ಮಗುವಿನ ಹೆಸರು, ಎಲ್ಲ ಅಲ್ಲಿ ಕತ್ತರಿಸಿ ಅಂಟಿಸಿ ಕೊಡುತ್ತಾಳೆ. ಊರವರ ಹೆಸರೆಲ್ಲ ಬರೆಯುವ ಅಂಗಡಿಗೆ ಸ್ವಂತದ್ದೊಂದು ಬೋರ್ಡಿಲ್ಲ. ಗಂಡ ತೀರಿಕೊಂಡ ವರ್ಷ ಗಾಳಿಗೆ ಬಿದ್ದದ್ದು, ಮತ್ತೆ ಏರಿಸಿಲ್ಲ. ವಿಜಯಪುರದ ಕಡೆಯವಳು, ವಯಸ್ಸು ನಲವತ್ತೆಂಟು, ಇರುವುದು ಕಲ್ಯಾಣದ ಕೋಳಸೇವಾಡಿಯ ಒಂದೇ ಕೋಣೆಯ ಖೋಲಿಯಲ್ಲಿ, ಒಬ್ಬಳೇ. ಮನೆಗೆ ಬೇಗ ಹೋಗಿ ಮಾಡುವುದೇನಿದೆ ಎಂದು ಅಂಗಡಿಯಲ್ಲೇ ಹೊತ್ತು ಕಳೆಯುತ್ತಾಳೆ.

ಅವಳಿಗೊಂದು ಚಟ. ಸೊಟ್ಟಗಿರುವುದು ಕಣ್ಣಿಗೆ ಬಿದ್ದರೆ ಸುಮ್ಮನಿರಲಾರಳು. ಹೋಟೆಲಿನ ಗೋಡೆಯ ಮೇಲೆ ತಿಂಡಿಯ ಪಟ್ಟಿ ಓರೆಯಾಗಿದ್ದರೆ, ಕೈಯಲ್ಲಿದ್ದ ಇಡ್ಲಿ ಬಿಟ್ಟು ಎದ್ದು ಸರಿಮಾಡಿ ಬರುವ ಹೆಂಗಸು.

ಬುಧವಾರ ಸಂಜೆ, ಊರ ಕಡೆಯ ಪರಿಚಯದ ಸಾಬವ್ವ ಬಂದು ಸ್ಟೂಲಿನ ಮೇಲೆ ಕುಸಿದಳು. ಈಗಷ್ಟೇ ರಾಯರ ಬಾಗಿಲಲ್ಲಿ ಅತ್ತು ಬಂದಿದ್ದಳು. ವಾಚ್‌ಮನ್ ಕನಿಕರಪಟ್ಟು ಐದು ನಿಮಿಷಕ್ಕೆಂದು ಒಳಗೆ ಬಿಟ್ಟಿದ್ದನಂತೆ. ರಾಯರು ಅವಳನ್ನು ಹೊಸ್ತಿಲೊಳಗೆ ಕರೆದು ನೀರು ಕೊಟ್ಟರು, ಆದರೆ ಮಾತು ಕೊಡಲಿಲ್ಲ.

"ಅಕ್ಕಾ, ಹನ್ನೊಂದು ವರ್ಷ ಆತು. ಅವರ ಮನ್ಯಾಗ ಒಂದು ಚಮಚ ಆ ಕಡಿ ಈ ಕಡಿ ಮಾಡಿಲ್ಲ. ಈಗ ಕಳ್ಳಿ ಅಂತಾರ. ಪೊಲೀಸ್ರು ಬಂದು ಹೋದ್ರು ಅಂದ್ರ ಎಂಐಡಿಸಿದಾಗ ಯಾರ ಮನಿ ಬಾಗಲಾ ನನಗ ತೆರೀತದ?"

ಕಾಂಚನಾ ಅವಳಿಗೆ ಚಹಾ ತರಿಸಿ, ಭಾನುವಾರದಿಂದ ಯಾರು ಬಂದರು, ಯಾರು ಹೋದರು ಎಂದು ಕೇಳುತ್ತ ಹೋದಳು. ಭಾನುವಾರ ಅಂಬರೀಶ ಬಂದಿದ್ದರು. ಸೋಮವಾರ ಯಾರೂ ಇಲ್ಲ. ಇವತ್ತು ಮತ್ತೆ ಅಂಬರೀಶ.

"ಇವತ್ತು ಬುಧವಾರ ಅಲ್ಲೇನು? ಯಾಕ ಬಂದಿದ್ರು?"

"ರಾಯರಿಗೆ ಸಮಾಧಾನ ಹೇಳಾಕ ಇರಬೇಕು. ಮೆಟ್ಟಲ ಮ್ಯಾಗ ಎದುರಾದ್ರು. ಯಾವಾಗ್ಲೂ ಸಾಬವ್ವಾ ಅಂತ ನಗ್ತಿದ್ರು. ಇವತ್ತು ಮಾರಿ ಸುದ್ದಾ ನೋಡಲಿಲ್ಲ."

ಕಳೆದುಹೋದ ಡಬ್ಬಿಯ ಫೋಟೋ ಸಾಬವ್ವನ ಮೊಬೈಲಿನಲ್ಲೇ ಇತ್ತು. ಬರುವ ಭಾನುವಾರ ಥಾಣೆ ಊರಿನ ಶಾಲೆಯೊಂದರಲ್ಲಿ ಮಾದರಿ ರೈಲುಗಳ ಪ್ರದರ್ಶನ. ಅಲ್ಲಿಗೆ ಕಳಿಸಲು ಒಂದು ಫೋಟೋ ತೆಗೆ ಎಂದು ರಾಯರು ಹೋದ ಶನಿವಾರ ಹೇಳಿದ್ದರು. ಕಾಂಚನಾ ಅದನ್ನು ದೊಡ್ಡದು ಮಾಡಿ ನೋಡಿದಳು. ಡಬ್ಬಿಯ ಪಕ್ಕೆಯ ಮೇಲೆ ರಾಗಿ ಕಾಳಿಗಿಂತ ಚಿಕ್ಕ ಬಿಳಿ ಅಕ್ಷರಗಳು, ಅಂಕೆಗಳು. ಇರುವೆ ಸಾಲಿನಂತೆ ಏರಿ, ಇಳಿದು, ಮತ್ತೆ ಏರಿದ್ದವು.

"ಇದು ಸೊಟ್ಟ ಐತಲ್ಲ."

"ನನಗೂ ಹಂಗ ಅನಿಸ್ತು," ಎಂದಳು ಸಾಬವ್ವ. "ಜಪಾನಿ ಅಕ್ಷರ ಹಂಗ ಇರ್ತಾವೇನೋ ಅಂತ ಸುಮ್ನಾದೆ."

* * *

ಗುರುವಾರ ಮಧ್ಯಾಹ್ನ ಅಂಗಡಿಗೆ ಶಟರ್ ಎಳೆದು ಕಾಂಚನಾ ಆ ಕಟ್ಟಡಕ್ಕೆ ಹೋದಳು. ಗೇಟಿನಲ್ಲೇ ದಿಲೀಪ ಸಾಳವಿ ಸಿಕ್ಕ. ಡಬ್ಬಿ ಬೆಳಿಗ್ಗೆ ಸಿಕ್ಕಿದೆ ಎಂದು ಮರಾಠಿಯಲ್ಲಿ ಗೆದ್ದವನಂತೆ ಹೇಳಿದ. ಕಪಾಟು ಇಟ್ಟ ಮೇಜಿನ ಕೆಳಗೆ, ಗೋಡೆಯ ಮೂಲೆಯಲ್ಲಿತ್ತು. ಮಂಗಳವಾರ ಅವನೇ ಮೊಣಕಾಲೂರಿ ಅಲ್ಲೆಲ್ಲ ಹುಡುಕಿದ್ದ, ಆಗ ಇರಲಿಲ್ಲ. ಬುಧವಾರ ಸಂಜೆ ಅಳಲು ಬಂದವಳು ಯಾರು? ಸಾಬವ್ವ. ಹೆದರಿ ತಂದು ಎಸೆದು ಹೋಗಿದ್ದಾಳೆ. ಇನ್ನೇನು ಬೇಕು?

ಕಾಂಚನಾಳಿಗೆ ಮೊದಲು ಅನುಮಾನ ಬಂದದ್ದು ಇವನ ಮೇಲೆಯೇ. ಒಂಟಿ ಹಿರಿಯರ ಮನೆಯ ಇನ್ನೊಂದು ಕೀಲಿ ಸೊಸೈಟಿ ಆಫೀಸಿನಲ್ಲಿರುತ್ತದೆ. ಕೇಳಿದಳು. ಅವನು ಮುಖ ಗಂಟಿಕ್ಕಿಕೊಂಡು ಲಕೋಟೆ ತಂದು ತೋರಿಸಿದ. ಅಂಟಿಸಿದ ಕಡೆ ರಾಯರದೇ ಸಹಿ, ಎರಡು ವರ್ಷದ ಹಿಂದಿನ ತಾರೀಖು, ಕಾಗದ ಸುಕ್ಕೂ ಆಗಿಲ್ಲ. ಆ ಅನುಮಾನ ಅಲ್ಲಿಗೇ ಮುಗಿಯಿತು.

"ಬುಡ್ಢಾ ಥೋಡಾ ಸಟಕ್ ಗಯಾ ಹೈ," ಎಂದು ಅವನು ದನಿ ತಗ್ಗಿಸಿದ. ಮುದುಕನಿಗೆ ಅರಳುಮರಳಂತೆ. ಕಿಟಕಿಯ ಗ್ರಿಲ್ ಬಾಗಿದೆ, ಕಾರ್ಖಾನೆಯ ಅದುರಾಟಕ್ಕೆ ಕಟ್ಟಡವೇ ವಾಲುತ್ತಿದೆ ಎಂದು ದೀಪಾವಳಿಯಿಂದ ಮೂರು ಅರ್ಜಿ ಕೊಟ್ಟಿದ್ದಾರೆ. ವೆಲ್ಡರ್ ಎರಡು ಸಲ ಬಂದು ನೋಡಿಹೋದ. ಗ್ರಿಲ್ ನೆಟ್ಟಗೇ ಇದೆ.

ಕಾಂಚನಾ ಅದನ್ನು ಕೇಳಿಸಿಕೊಂಡು ಮೆಟ್ಟಿಲು ಹತ್ತಿದಳು.

ರಾಯರಿಗೆ ಎಪ್ಪತ್ತೊಂದು. ಉಡುಪಿಯ ಕಡೆಯವರು, ಮೂವತ್ತು ವರ್ಷ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆದವರು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಒಂದೇ ಕುರ್ಚಿಯ ಗಾದಿ ತಗ್ಗಾಗಿತ್ತು. ಅಕ್ಷರ ಅಂಟಿಸುವವಳು ಎಂದು ಗೊತ್ತಾದದ್ದೇ ಅವರ ಮುಖ ಅರಳಿತು. ಪೊಲೀಸರು, ಕಳ್ಳತನ ಎಲ್ಲ ಬದಿಗಿಟ್ಟು ಅರ್ಧ ಗಂಟೆ ಪಾಠ ಮಾಡಿದರು. ಜಪಾನಿನ ಕಂಪನಿಗಳು ಡಬ್ಬಿಯ ನಂಬರಿನ ಜಾಗ ಖಾಲಿ ಬಿಟ್ಟು ಅಕ್ಷರದ ಹಾಳೆ ಬೇರೆ ಕೊಡುತ್ತವೆ, ಅಂಟಿಸುವ ಸುಖ ಕೊಂಡವನಿಗೇ ಇರಲಿ ಎಂದು. ಹಾಳೆಯನ್ನು ಡಬ್ಬಿಗೆ ಒತ್ತಿ ಹಿಡಿದು ಮೇಲಿಂದ ಮೊಂಡು ಕಡ್ಡಿಯಲ್ಲಿ ಉಜ್ಜಿದರೆ ಅಕ್ಷರ ಕೆಳಗಿಳಿಯುತ್ತದೆ. ಇಳಿದ ಮೇಲೆ ಕೂದಲೆಳೆಯಷ್ಟೂ ಅಲ್ಲಾಡದು. ತಪ್ಪಿದರೆ ಸೆಲ್ಲೋಟೇಪಿನಿಂದ ಕಿತ್ತು ಹೊಸತು ಹಾಕಬೇಕು. ಇನ್ನೊಂದು ಜಾತಿ, ಅಕ್ಷರವಿರುವ ತೆಳು ಪೊರೆಯನ್ನು ನೀರಿನಲ್ಲಿ ನೆನೆಸಿ ಜಾರಿಸುವುದು. ಆರುವವರೆಗೆ ಅತ್ತಿತ್ತ ಸರಿಸಬಹುದು.

"ಅದು ಅಳ್ಳೆದೆಯವರಿಗೆ ಮಾರಾಯ್ರೆ. ನನ್ನ ರೈಲಿಗೆ ನಾನು ನೀರು ಮುಟ್ಟಿಸಿದವನಲ್ಲ. ನಮ್ಮ ಅಂಬರೀಶ ಉಂಟಲ್ಲ, ಅವ ನೀರಿನವ. ಮೂವತ್ತು ವರ್ಷದಿಂದ ತಮಾಷೆ ಮಾಡ್ತಾ ಇದ್ದೇನೆ."

ಸಿಕ್ಕಿದ ಡಬ್ಬಿಯನ್ನು ಅವರು ಮೇಜಿನ ಮೇಲಿಟ್ಟರು. ಅಡಿಯಲ್ಲಿ ಸೂಜಿಯಿಂದ ಕೊರೆದ ಸಣ್ಣ 'ಯ' ಇತ್ತು, ಆದ್ದರಿಂದ ಡಬ್ಬಿ ಅದೇ. ರಾಯರು ಭೂತಗನ್ನಡಿಯನ್ನು ಬಲಗಣ್ಣಿಗೆ ಒತ್ತಿಕೊಂಡು ನೋಡಿ ನಿಟ್ಟುಸಿರಿಟ್ಟರು.

"ಹಾಳು ಮಾಡಿಬಿಟ್ಟಿದ್ದಾರೆ. ಹೋದ ತಿಂಗಳಷ್ಟೇ ಕೊಂಡ ಡಬ್ಬಿ, ನಾನೇ ನೇರ ಇಟ್ಟದ್ದು. ಈಗ ನೋಡಿ, ಹಾವು ಹರಿದ ಹಾಗೆ ಉಂಟು. ಸಾಬವ್ವನಿಗೆ ನನ್ನ ಮೇಲೆ ಅಂಥದ್ದೇನು ಸಿಟ್ಟು ಅಂತ."

ಕಾಂಚನಾ ಡಬ್ಬಿ ನೋಡಿದಳು. ಚೀಲದಿಂದ ಉಕ್ಕಿನ ಅಳತೆಪಟ್ಟಿ ತೆಗೆದು ಅಕ್ಷರಗಳ ಕೆಳಗೆ ಹಿಡಿದಳು. ಕೂದಲೆಳೆಯಷ್ಟೂ ಅತ್ತಿತ್ತ ಇರಲಿಲ್ಲ. ತನ್ನ ಮೊಬೈಲ್ ತೆಗೆದು ಸಾಬವ್ವ ಕಳಿಸಿದ ಫೋಟೋ ನೋಡಿದಳು. ಅದರಲ್ಲಿ ಸೊಟ್ಟ. ಮೊಬೈಲನ್ನು ಚೀಲಕ್ಕೆ ಹಾಕಿದಳು.

"ಉಳಿದ ಆರು ಡಬ್ಬಿ ಹೆಂಗದಾವ್ರಿ ರಾಯರ?"

ಅವೂ ಈಚೆಗೆ ಸ್ವಲ್ಪ ಸೊಟ್ಟಗಾಗಿವೆ, ಈ ಊರಿನ ಸೆಕೆಗೆ ಅಕ್ಷರ ಸಡಿಲವಾಗುತ್ತದೆ, ಬೇಸಿಗೆಯಲ್ಲಿ ಎಲ್ಲ ಕಿತ್ತು ಮತ್ತೆ ಹಾಕುತ್ತೇನೆ ಎಂದರು ರಾಯರು. ಕಾಂಚನಾ ಒಂದೊಂದಕ್ಕೂ ಪಟ್ಟಿ ಹಿಡಿದಳು. ಆರೂ ನೇರ.

ಪಟ್ಟಿಯನ್ನು ಚೀಲಕ್ಕೆ ಹಾಕಿ ಏಳನೆಯದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಅಂಕೆಗಳ ಸುತ್ತ ತೆಳ್ಳನೆಯ ಪೊರೆಯ ಅಂಚು ಮಿನುಗಿತು. ಅದರ ಹೊರಗೆ, ಸ್ಟೀಲ್ ತಟ್ಟೆಯ ಮೇಲೆ ನೀರು ಒಣಗಿದಾಗ ಉಳಿಯುವಂಥ ಬಿಳಿ ಉಂಗುರ.

* * *

ಆ ಉಂಗುರ ಅವಳಿಗೆ ಹಳೆಯ ಪರಿಚಯ. ಗಾಡಿಗೆ ಸ್ಟಿಕರ್ ಅಂಟಿಸುವಾಗ ಅವಳೂ ಸೋಪಿನ ನೀರು ಚಿಮುಕಿಸುತ್ತಾಳೆ. ಡೊಂಬಿವಲಿಯ ನಲ್ಲಿ ನೀರು ಗುರುತುಳಿಸದೆ ಆರುತ್ತದೆ. ಥಾಣೆಯ ಘೋಡ್‌ಬಂದರ್ ರಸ್ತೆಯ ಕಡೆಯಿಂದ ಬರುವ ಕಾರುಗಳ ಮೇಲೆ ಮಾತ್ರ ಇಂಥ ಬಿಳಿ ಉಂಗುರಗಳು. ಅಲ್ಲಿಯ ಎಷ್ಟೋ ಟವರುಗಳಿಗೆ ಟ್ಯಾಂಕರಿನಲ್ಲಿ ಬೋರ್‌ವೆಲ್ ನೀರು ಬರುತ್ತದೆ. ಉಪ್ಪು ನೀರು.

ಅಂಬರೀಶರ ವಿಳಾಸವನ್ನು ಅವಳು ಸಾಬವ್ವನಿಂದ ತಿಳಿದಳು. ಊಹಿಸಿದ ರಸ್ತೆಯೇ.

ಶುಕ್ರವಾರ ಲೋಕಲ್ ರೈಲು ಹಿಡಿದು ಥಾಣೆಗೆ, ಅಲ್ಲಿಂದ ಬಸ್ಸು. ಹತ್ತೊಂಬತ್ತನೆಯ ಮಹಡಿ. ಅಂಬರೀಶರಿಗೆ ಅರವತ್ತಾರು, ಮೈಸೂರಿನವರು, ವಿಮಾ ಕಂಪನಿಯಿಂದ ನಿವೃತ್ತರು. ಹೆಂಡತಿ ತೀರಿ ನಾಲ್ಕು ವರ್ಷ. ಟಿವಿ ಹಚ್ಚಿಟ್ಟಿದ್ದರು, ನೋಡುತ್ತಿರಲಿಲ್ಲ. ರಾಯರ ರೈಲಿನ ವಿಷಯಕ್ಕೆ ಬಂದೆ ಎಂದಾಗ ಅವರ ಕೈ ಬಾಗಿಲ ಚಿಲಕದ ಮೇಲೆಯೇ ಉಳಿಯಿತು.

ಕಾಂಚನಾ ಕುಡಿಯಲು ನೀರು ಕೇಳಿದಳು. ಅವರು ಬಾಟಲಿ ನೀರು ತಂದರು.

"ನಲ್ಲಿ ನೀರು ನಡೀತೈತ್ರಿ."

"ಬೇಡಮ್ಮ, ಇಲ್ಲೆಲ್ಲ ಟ್ಯಾಂಕರ್ ನೀರು. ಬಾಯಿಗೆ ಇಡೋ ಹಾಗಿಲ್ಲ."

ಅಡುಗೆಮನೆಯ ನಲ್ಲಿಯ ಬಾಯಿಗೆ ಸುಣ್ಣ ಬಳಿದಂತೆ ಬಿಳಿ ಕಟ್ಟಿತ್ತು. ಊಟದ ಮೇಜಿನ ಮೇಲೆ ಚಿಮಟ, ಕುಂಚ, ಒಂದು ಬಟ್ಟಲು, ಅಕ್ಷರದ ಹಾಳೆ. ಹಾಳೆಯ ನಡುವೆ ಒಂದು ಸಾಲು ಕತ್ತರಿಸಿ ತೆಗೆದ ಕಿಂಡಿ. ಅವರು ನೋಡುತ್ತಿದ್ದಂತೆ ಕಾಂಚನಾ ಆ ಕಿಂಡಿಯ ಮೇಲೆ ಬೆರಳಿಟ್ಟಳು. ಅಂಬರೀಶರು ಕುರ್ಚಿ ಹುಡುಕಿ ಕುಳಿತರು.

"ನಾಳೆ ನಾಕು ಗಂಟೆಗೆ ರಾಯರ ಮನಿಗೆ ಬರ್ರಿ," ಎಂದಳು ಕಾಂಚನಾ. "ಸಾಬವ್ವನೂ ಬರ್ತಾಳ. ನೀವು ಬರಲಿಲ್ಲಂದ್ರ ನಾನೇ ಹೇಳ್ತೀನಿ."

ಹಿಂತಿರುಗುವ ಲೋಕಲ್ಲಿನಲ್ಲಿ ಅವಳಿಗೆ ಗೆದ್ದೆನೆಂಬ ಸಂತೋಷವೇನೂ ಇರಲಿಲ್ಲ. ಸಾಬವ್ವನನ್ನು ಉಳಿಸಬೇಕಾದರೆ ರಾಯರಿಗೆ ಒಂದು ಮಾತು ಹೇಳಬೇಕು. ಆ ಮಾತು ಕೇಳಿದ ಮೇಲೆ ಆ ಮನುಷ್ಯನ ಕೈಯಲ್ಲಿ ಏನು ಉಳಿಯುತ್ತದೆ? ಮುಂಬ್ರಾ ದಾಟುವವರೆಗೂ ಹೇಳಬಾರದೆಂದೇ ಇತ್ತು. ದಿವಾ ಬರುವ ಹೊತ್ತಿಗೆ ಸಾಬವ್ವ ಸ್ಟೂಲಿನ ಮೇಲೆ ಕುಸಿದದ್ದು ನೆನಪಾಯಿತು. ಅಂಗಡಿಗೆ ಹೋಗಿ ಬಿಳಿ ಸನ್‌ಬೋರ್ಡಿನ ಮೇಲೆ ಕಪ್ಪು ರೇಡಿಯಂ ಪಟ್ಟಿಗಳನ್ನು ಅಡ್ಡ ಉದ್ದ, ನಡುವೆ ಒಂದು ಚುಕ್ಕಿ ಅಂಟಿಸಲು ಕುಳಿತಳು. ಮೆಶಿನ್ನಿನಲ್ಲಿ ಕತ್ತರಿಸಿ, ಅಳತೆಪಟ್ಟಿ ಹಿಡಿದು ಅಂಟಿಸಿದ ಗೆರೆಗಳು. ಜೀವಮಾನದಲ್ಲಿ ಅಷ್ಟು ನೇರವಾಗಿ ಅವಳು ಏನನ್ನೂ ಅಂಟಿಸಿರಲಿಲ್ಲ.

* * *

ಶನಿವಾರ ನಾಲ್ಕು ಗಂಟೆ. ರಾಯರು ತಮ್ಮ ಕುರ್ಚಿಯಲ್ಲಿ, ದಿಲೀಪ ಸಾಳವಿ ಬಾಗಿಲ ಬಳಿ ಕೈಕಟ್ಟಿಕೊಂಡು, ಸಾಬವ್ವ ಹೊಸ್ತಿಲ ಹೊರಗೆ. ಒಳಗೆ ಬಾ ಎಂದರೂ ಬರಲಿಲ್ಲ. ಅಂಬರೀಶರು ಐದು ನಿಮಿಷ ತಡವಾಗಿ ಬಂದು ಗೋಡೆಗೆ ಆತುಕೊಂಡರು.

ಕಾಂಚನಾ ಸನ್‌ಬೋರ್ಡನ್ನು ರಾಯರ ಮುಂದೆ ಹಿಡಿದಳು.

"ರಾಯರ, ಎಡಗಣ್ಣು ಮುಚ್ಚಿ ಬಲಗಣ್ಣಿಲೆ ನೋಡ್ರಿ. ನಡುವಿನ ಚುಕ್ಕಿ ನೋಡ್ರಿ. ಗೆರಿ ಹೆಂಗದಾವ?"

ರಾಯರು ನೋಡಿದರು. ಹುಬ್ಬು ಗಂಟಿಕ್ಕಿದರು.

"ನೀವು ಇಷ್ಟು ವರ್ಷದ ಅನುಭವದವರು. ಇಷ್ಟು ಸೊಟ್ಟ ಯಾಕೆ ಅಂಟಿಸಿದ್ರಿ, ಕಾಂಚನಮ್ಮ?"

ದಿಲೀಪ ಬೋರ್ಡನ್ನು ನೋಡಿದ, ಗ್ರಿಲ್ಲಿನ ಕಡೆ ನೋಡಿದ, ಕೈ ಕೆಳಗಿಳಿಸಿದ.

ರಾಯರು ಒಬ್ಬೊಬ್ಬರ ಮುಖವನ್ನೂ ನೋಡಿದರು. ನಕ್ಷೆ ಬರೆದ ಮನುಷ್ಯ. ಬಿಡಿಸಿ ಹೇಳಬೇಕಾಗಲಿಲ್ಲ. ಬೋರ್ಡನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳ ಉಗುರನ್ನು ಒಂದು ಗೆರೆಯ ಅಂಚಿನಲ್ಲಿ ಮೇಲಿಂದ ಕೆಳಗೆ ಎಳೆದರು. ಉಗುರು ನೇರ ಹೋಯಿತು. ಕಣ್ಣು ಬೇರೆ ಹೇಳುತ್ತಿತ್ತು.

ಕಾಂಚನಾ ನಿಧಾನವಾಗಿ ಹೇಳಿದಳು. ಕಳ್ಳನಾದವನು ಏಳರಲ್ಲಿ ಒಂದನ್ನೇ ಒಯ್ಯುವುದಿಲ್ಲ. ಒಯ್ದರೂ ಅಕ್ಷರ ಬದಲಿಸಿ ತಂದಿಡುವುದಿಲ್ಲ. ಫೋಟೋದಲ್ಲಿದ್ದ ಅಕ್ಷರ ಸೊಟ್ಟ, ವಾಪಸು ಬಂದದ್ದು ನೇರ. ರಾಯರಿಗೆ ಕಂಡದ್ದು ತಿರುವುಮುರುವು. ಉಜ್ಜಿ ಅಂಟಿಸಿದ ಅಕ್ಷರ ಅಲ್ಲಾಡದು ಎಂದವರೂ ಅವರೇ, ಹಳೆಯ ಆರು ಡಬ್ಬಿಯ ಅಕ್ಷರ ಸೆಕೆಗೆ ಸರಿದಿದೆ ಎಂದವರೂ ಅವರೇ. ಎರಡೂ ನಿಜವಾಗಲಾರವು. ಅಕ್ಷರ ಸರಿದಿರಲಿಲ್ಲ, ಗ್ರಿಲ್ ಬಾಗಿರಲಿಲ್ಲ. ಭೂತಗನ್ನಡಿಗೆ ಒತ್ತುವ ಬಲಗಣ್ಣು ಮೋಸ ಮಾಡುತ್ತಿತ್ತು. ಅದು ಗೊತ್ತಿದ್ದವರು, ಪ್ರದರ್ಶನದಲ್ಲಿ ನಾಲ್ಕು ಜನ ನಗಬಾರದೆಂದು ಡಬ್ಬಿ ಒಯ್ದು ಹೊಸ ಅಕ್ಷರ ಹಾಕಿದರು. ನೀರಿನ ಅಕ್ಷರ. ಪೊರೆ ಉಳಿಯಿತು, ಉಪ್ಪು ನೀರಿನ ಉಂಗುರವೂ ಉಳಿಯಿತು. ಬುಧವಾರ ಬಂದದ್ದು ಸಾಬವ್ವ ಒಬ್ಬಳೇ ಅಲ್ಲ.

"ಹೌದು, ನಾನೇ," ಎಂದರು ಅಂಬರೀಶರು. "ಭಾನುವಾರ ಕಪಾಟಿಗೆ ಇಡೋವಾಗ ಜೇಬಿಗೆ ಹಾಕ್ಕೊಂಡೆ. ಪ್ರದರ್ಶನಕ್ಕೆ ಪೆಟ್ಟಿಗೆ ಕಟ್ಟೋವಾಗ ಸದ್ದಿಲ್ಲದೆ ಸೇರಿಸೋಣ ಅಂತಿದ್ದೆ. ಇವರು ಮಂಗಳವಾರವೇ ಕಪಾಟು ತೆಗೀತಾರೆ ಅಂತ ಯಾರಿಗೆ ಗೊತ್ತಿತ್ತು. ಗಲಾಟೆ ಆದ್ಮೇಲೆ, ತಾನಾಗಿ ಬಿದ್ದಿತ್ತು ಅನ್ಕೊಳ್ಲಿ ಅಂತ ಬುಧವಾರ ಮೇಜಿನ ಕೆಳಗೆ ಇಟ್ಟೆ."

"ನನ್ನ ಕಣ್ಣು ಯಾವಾಗಿಂದ ಹೀಗೆ ಅಂತ ನಿನಗೆ ಗೊತ್ತು?" ಎಂದು ರಾಯರು ಕೇಳಿದರು.

"ದೀಪಾವಳಿಯಿಂದ. ನೀವು ಗ್ರಿಲ್ ಬಾಗಿದೆ ಅಂದಾಗಿನಿಂದ."

"ನಾಲ್ಕು ತಿಂಗಳು. ನನಗೆ ಹೇಳ್ಲಿಲ್ಲ."

"ಹೇಳಿದ್ರೆ ನೀವು ರೈಲು ಬಿಡ್ತಿದ್ರಿ ರಾಯರೇ. ಆಮೇಲೆ ಭಾನುವಾರ ನಾನು ಎಲ್ಲಿಗೆ ಬರಲಿ?"

ಕಾಂಚನಾಳಿಗೂ ಅಂಥ ಭಾನುವಾರಗಳಿದ್ದವು.

ಅಷ್ಟರಲ್ಲಿ ಸಾಬವ್ವ ಹೊಸ್ತಿಲು ದಾಟಿ ಒಳಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಮೇಜಿನ ಮೇಲಿಟ್ಟಳು.

"ಡಬ್ಬಿ ಒಯ್ದಿದ್ದು ಇರ್ಲಿ ಸಾಹೇಬ್ರ. ಗೆಳ್ಯಾನ ಸಲುವಾಗಿ ಒಯ್ದ್ರಿ. ನನ್ನ ಗೇಟಿನಾಗ ನಿಲ್ಲಿಸಿದ್ರಲ್ಲ, ಐದು ದಿನ ನೀವು ಬಾಯಿ ಮುಚ್ಚಿದ್ರಿ. ಕಳವು ಅಂದ್ರ ಅದು."

ಅಂಬರೀಶರು ತಲೆ ತಗ್ಗಿಸಿದರು. ತಲೆ ತಗ್ಗಿಸಿದವರು ಅವರೊಬ್ಬರೇ ಅಲ್ಲ. ರಾಯರು ಕೀಲಿಯನ್ನು ಕೈಗೆತ್ತಿಕೊಂಡು ಸಾಬವ್ವನ ಕಡೆ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ. ಸಂಜೆ ಗೇಟ್ ಪಾಸನ್ನು ದಿಲೀಪ ತಾನೇ ಅವಳ ಖೋಲಿಗೆ ಒಯ್ದು ಕೊಟ್ಟು ಬಂದ.

* * *

ಪ್ರದರ್ಶನಕ್ಕೆ ಯಾರೂ ಹೋಗಲಿಲ್ಲ. ಸೋಮವಾರ ಕಾಂಚನಾಳೇ ರಾಯರನ್ನು ಕಲ್ಯಾಣದ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು. ಕಣ್ಣಿನ ಹಿಂಬದಿಯ ಪರದೆಯ ಕೆಳಗೆ ನೀರು ಸೋರುತ್ತಿದೆ ಎಂದರು ಡಾಕ್ಟರು. ಎಡಗಣ್ಣಿಗೆ ಈಗಷ್ಟೇ ಶುರು, ಇಂಜೆಕ್ಷನ್ ಕೊಟ್ಟರೆ ಉಳಿಸಬಹುದು. ಬಲಗಣ್ಣಿಗೆ ಮೂರು ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಹೆಚ್ಚು ಉಳಿಯುತ್ತಿತ್ತು. ರಾಯರು ಹಿಂತಿರುಗುವ ದಾರಿಯುದ್ದಕ್ಕೂ ಒಂದೊಂದೇ ಕಣ್ಣು ಮುಚ್ಚಿ ರಸ್ತೆಯ ಕಂಬಗಳನ್ನು ನೋಡುತ್ತ ಬಂದರು.

ಅದರ ಮುಂದಿನ ಭಾನುವಾರ ಅವರೇ ಫೋನ್ ಮಾಡಿ ಕರೆದರು. ಕಾಂಚನಾ ಹೋದಾಗ ಬಾಗಿಲು ತೆರೆದದ್ದು ಸಾಬವ್ವ. ಗುರುವಾರದಿಂದ ಬರುತ್ತಿದ್ದಾಳೆ. ರಾಯರು ಅವಳ ಖೋಲಿಗೆ ರಿಕ್ಷಾದಲ್ಲಿ ಹೋಗಿ, ಅಕ್ಕಪಕ್ಕದವರ ಎದುರೇ ತಪ್ಪಾಯ್ತೆಂದು ಹೇಳಿ ಬಂದಿದ್ದರಂತೆ. ಆದರೂ ಕೀಲಿ ಮಾತ್ರ ಅವಳು ಇನ್ನೂ ಮುಟ್ಟಿಲ್ಲ. ಗಂಟೆ ಒತ್ತಿ, ತೆರೆಯುವವರೆಗೆ ಹೊರಗೇ ನಿಲ್ಲುತ್ತಾಳೆ.

ರಾಯರು ಏಳನೆಯ ಡಬ್ಬಿಯನ್ನು ಕಾಂಚನಾಳ ಮುಂದಿಟ್ಟು, ಅಕ್ಷರ ಕಿತ್ತುಬಿಡಿ ಎಂದರು.

"ಛಲೋ ಅದಾವಲ್ರಿ."

"ಚೆಂದ ಉಂಟು. ಆದರೆ ನನ್ನದಲ್ಲ."

ಕಾಂಚನಾ ಸೆಲ್ಲೋಟೇಪ್ ಒತ್ತಿ ಎಳೆದಳು. ಪೊರೆಯೊಂದಿಗೆ ಅಂಕೆಗಳು ಎದ್ದು ಬಂದವು, ಕೊನೆಗೆ ಒದ್ದೆ ಬಟ್ಟೆಗೆ ಬಿಳಿ ಉಂಗುರವೂ ಹೋಯಿತು. ರಾಯರು ಹೆಸರು ನಂಬರು ಏನೂ ಇಲ್ಲದ ನೀಲಿ ಡಬ್ಬಿಯನ್ನು ಆರರ ಹಿಂದೆ ಜೋಡಿಸಿದರು. ರೈಲು ಮೇಜಿನ ಮೇಲೆ ಸುತ್ತತೊಡಗಿತು. ಐದಾಯಿತು. ಐದೂಕಾಲಾಯಿತು. ರಾಯರು ರೈಲು ನೋಡುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದರು.

ಇಂಟರ್‌ಕಾಮ್ ಬಡಿದುಕೊಂಡಿತು. ರಾಯರು ಏಳಲಿಲ್ಲ. ಮತ್ತೆ ಬಡಿದುಕೊಂಡಿತು. ಸಾಬವ್ವ ಕೈ ಒರೆಸಿಕೊಂಡು ಬಂದು ಎತ್ತಿದಳು.

"ಅಂಬರೀಶ ಸಾಹೇಬ್ರಂತ. ಗೇಟಿನಾಗ ನಿಂತಾರ. ಬಿಡಬೇಕೋ ಬ್ಯಾಡೋ ಅಂತ ವಾಚ್‌ಮನ್ ಕೇಳ್ತಾನ."

ರಾಯರು ಬೆರಳಿನಿಂದ ಮೇಜಿನ ಅಂಚು ಉಜ್ಜುತ್ತ ಕುಳಿತರು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆಮೇಲೆ ತಲೆಯೆತ್ತಿ ಸಾಬವ್ವನನ್ನು ನೋಡಿದರು.

"ನೀನೇ ಹೇಳು ಸಾಬವ್ವ."

ಸಾಬವ್ವ ಇಂಟರ್‌ಕಾಮನ್ನು ಎದೆಗೆ ಒತ್ತಿಕೊಂಡು ನಿಂತಳು. ರೈಲು ಒಂದು ಸುತ್ತು ಬಂತು. ಎರಡನೆಯ ಸುತ್ತೂ ಬಂತು. ಆಮೇಲೆ ಅವಳು ಅದನ್ನು ಕಿವಿಗೆ ಹಿಡಿದಳು.

"ಸಹಿ ಮಾಡಿಸ್ಕೊಂಡು ಬಿಡಪ್ಪ," ಎಂದಳು. "ಹೋಗೂ ಮುಂದ ಚೀಲ ತೆಗೆಸಿ ನೋಡು."